ಅಂಕೋಲೆಯ ವಾರಪತ್ರಿಕೆ, ಗೋಕರ್ಣದ ಮಾಸ್ತರರು ಮತ್ತು ಒಂದು ಬ್ಲಾಗು

ಕಾಯ್ಕಿಣಿ ಎಂದರೆ ಹೊರಗಿನವರಿಗೆ ಒಂದು ಅಡ್ಡಹೆಸರು, ನಮಗೆ ಊರು. ಭಟ್ಕಳ ತಾಲೂಕಿನಲ್ಲಿ, ಮುರ್ಡೇಶ್ವರದ ಮಗ್ಗುಲಲ್ಲಿದೆ. ಹೆದ್ದಾರಿಯ ಬಸ್ಸಿನಲ್ಲಿ ಕೂತವರಿಗೆ ಊರು ಬಂದದ್ದೂ ತಿಳಿಯುವುದಿಲ್ಲ, ದಾಟಿದ್ದೂ ತಿಳಿಯುವುದಿಲ್ಲ. ಬೆಂಗಳೂರಿನಲ್ಲಿ ಯಾರಾದರೂ ಊರು ಕೇಳಿ, ನಾನು ಹೇಳಿದರೆ ಅವರ ಮುಖ ಅರಳುತ್ತದೆ. ‘ಜಯಂತರಿಗೆ ನೀವು ಏನಾಗಬೇಕು?’ ಏನೂ ಆಗಬೇಕಾಗಿಲ್ಲ. ಸಾರಸ್ವತರಲ್ಲಿ ಊರ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಳ್ಳುವ ವಾಡಿಕೆಯಿದೆ. ಹಾಗೆ ನಮ್ಮೂರಿನ ಹೆಸರು ಗೋಕರ್ಣದ ಒಂದು ಮನೆಗೆ ಹೋಯಿತು, ಅಲ್ಲಿಂದ ಪುಸ್ತಕಗಳ ರಕ್ಷಾಪುಟಕ್ಕೆ, ಅಲ್ಲಿಂದ ಸಿನಿಮಾದ ಪರದೆಗೆ. ಊರು ಮಾತ್ರ ಇದ್ದಲ್ಲೇ ಇದೆ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಅಕ್ಕನ ಮಗಳು ಒಂದು ಪ್ರಶ್ನೆ ಕೇಳಿದಳು. ಹೊನ್ನಾವರದ ಕಾಲೇಜಿಗೆ ಹೋಗುವ ಹುಡುಗಿ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೇ ಬರೆಯುತ್ತಾಳೆ. ಬ್ಲಾಗು ಶುರುಮಾಡಬೇಕಂತೆ. ಹೆಸರು ಇಟ್ಟಾಗಿದೆ, ಬಣ್ಣ ಆರಿಸಿಯಾಗಿದೆ. ‘ಬರೆಯುವುದೇನೋ ಬರೆಯುತ್ತೇನೆ ಮಾವ, ಓದುವವರು ಎಲ್ಲಿಂದ ಬರ್ತಾರೆ?’

ಈ ಪ್ರಶ್ನೆಗೆ ಇಂಟರ್ನೆಟ್ಟಿನಲ್ಲಿ ಸಾವಿರ ಉತ್ತರಗಳಿವೆ. ದಿನಕ್ಕೊಂದು ಬರಹ ಹಾಕು, ತಲೆಬರಹದಲ್ಲಿ ಅಂಕಿ ಇರಲಿ, ಚಿತ್ರ ಸೇರಿಸು, ಬೇರೆಯವರ ಬರಹದ ಕೆಳಗೆ ಪ್ರತಿಕ್ರಿಯೆ ಬರಿ, ಹೀಗೆ. ಅವಳು ಅದನ್ನೆಲ್ಲ ಓದಿಯೇ ಬಂದಿದ್ದಳು. ನನ್ನನ್ನು ಕೇಳಿದ್ದು ನಾನೂ ಒಂದು ಕಾಲದಲ್ಲಿ ಬ್ಲಾಗು ಇಟ್ಟುಕೊಂಡಿದ್ದೆ ಎಂಬ ಕಾರಣಕ್ಕೆ. ಅದು ಹೇಗೆ ಸತ್ತಿತು ಎಂಬುದು ಅವಳಿಗೆ ಗೊತ್ತಿರಲಿಲ್ಲ.

2008ರಲ್ಲಿ ತೆರೆದದ್ದು. ಆಗ ಕನ್ನಡದಲ್ಲಿ ಬ್ಲಾಗು ಎಂದರೆ ಹೊಸದಾಗಿ ಬಂದ ಕರೆಂಟಿನ ಹಾಗೆ. ಬರಹ ತಂತ್ರಾಂಶ ಬಂದು ಹತ್ತು ವರ್ಷವಾಗಿತ್ತು, ಯುನಿಕೋಡ್ ಕೈಗೆ ಹತ್ತಿತ್ತು, ಕನ್ನಡ ಅಕ್ಷರಗಳು ಚೌಕಟ್ಟಿನ ಪೆಟ್ಟಿಗೆಗಳಾಗಿ ಕಾಣುವುದು ನಿಂತಿತ್ತು. ‘ಸಂಪದ’ ಇತ್ತು. ‘ಅವಧಿ’, ‘ಕೆಂಡಸಂಪಿಗೆ’ ಆಗಷ್ಟೇ ಶುರುವಾಗಿದ್ದವು. ಸಂಪಾದಕರ ಬಾಗಿಲು ತಟ್ಟದೆ, ‘ವಿಷಾದದಿಂದ ಹಿಂತಿರುಗಿಸಲಾಗಿದೆ’ ಎಂಬ ಚೀಟಿ ಕಾಣದೆ, ರಾತ್ರಿ ಹನ್ನೊಂದಕ್ಕೆ ಬರೆದದ್ದನ್ನು ಹನ್ನೊಂದೂಕಾಲಿಗೆ ಪ್ರಕಟಿಸಬಹುದು ಎಂಬುದು ನಮ್ಮ ತಲೆಮಾರಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಅದನ್ನು ಈಗ ಗೇಲಿಮಾಡುವುದು ಸುಲಭ. ಕನ್ನಡ ಗದ್ಯಕ್ಕೆ ಆ ಮೂರು ನಾಲ್ಕು ವರ್ಷಗಳಲ್ಲಿ ಬಂದ ಸಲೀಸುತನ, ಅಡುಗೆಮನೆಯ, ಆಫೀಸಿನ, ಪಿಜಿ ಕೋಣೆಯ ಮಾತು ಬರವಣಿಗೆಯೊಳಗೆ ಬಂದ ರೀತಿ, ಮುಂದೆ ಅಚ್ಚಿನ ಪತ್ರಿಕೆಗಳ ಪುರವಣಿಗಳಲ್ಲೂ ಕಾಣಿಸಿಕೊಂಡಿತು.

ಆದರೆ ಪುಟದ ತಳದಲ್ಲಿ ಒಂದು ಲೆಕ್ಕದ ಯಂತ್ರ ಇತ್ತು. ಇಷ್ಟು ಜನ ಬಂದರು ಎಂದು ತೋರಿಸುವುದು. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮುಂಚೆ ನಾನು ಅದನ್ನು ನೋಡುತ್ತಿದ್ದೆ. ಅಂಕಿ ಏರಲು ಒಂದೇ ದಾರಿ ಎಂದು ಬೇಗ ತಿಳಿಯಿತು: ನಾನು ನಾಲ್ಕು ಬ್ಲಾಗುಗಳಿಗೆ ಹೋಗಿ ‘ತುಂಬಾ ಆಪ್ತವಾಗಿದೆ, ಬರೆಯುತ್ತಿರಿ’ ಎಂದು ಬರೆದರೆ ಆ ನಾಲ್ವರು ನನ್ನಲ್ಲಿಗೆ ಬಂದು ಅದನ್ನೇ ಬರೆಯುತ್ತಾರೆ. ಮದುವೆಮನೆಯ ಮುಯ್ಯಿಯ ಲೆಕ್ಕ ಇದು. ಅವರು ನಮ್ಮಲ್ಲಿ ಐವತ್ತೊಂದು ಓದಿಸಿದ್ದಾರೆ, ನಾವೂ ಅಷ್ಟೇ ಓದಿಸಬೇಕು. ಎರಡು ವರ್ಷದಲ್ಲಿ ನನಗೆ ಇನ್ನೂರು ಮುನ್ನೂರು ಓದುಗರಾದರು, ಎಲ್ಲರೂ ಬ್ಲಾಗು ಬರೆಯುವವರೇ. ಬರೆಯದೆ ಬರಿದೇ ಓದುವ ಒಬ್ಬನೂ ಅಲ್ಲಿರಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಫೇಸ್‌ಬುಕ್ಕಿಗೆ ಹೋದೆವು. ಛತ್ರ ಖಾಲಿ ಮಾಡಿದ ಹಾಗೆ.

ಹುಡುಗಿಗೆ ಏನು ಹೇಳಬೇಕೆಂದು ತೋಚದೆ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದೆ. ಅಜ್ಜನ ಲೆಕ್ಕದ ಪುಸ್ತಕವೊಂದು ಅದರಲ್ಲಿದೆ. ಗೇಣಿ ಅಕ್ಕಿಯ ಲೆಕ್ಕ, ಅಂಗಡಿಯ ಬಾಕಿ, ನಡುನಡುವೆ ಅನ್ನದ ಅಂಟಿನಲ್ಲಿ ಅಂಟಿಸಿದ ನಾಲ್ಕು ನಾಲ್ಕು ಸಾಲಿನ ತುಣುಕುಗಳು. ದಿನಕರ ದೇಸಾಯಿಯವರ ಚುಟುಕಗಳು. ಅಜ್ಜ ಮೂರನೆಯ ಇಯತ್ತೆಯವರೆಗೆ ಶಾಲೆಗೆ ಹೋದವನು. ಅವನು ಸಾಹಿತ್ಯದ ಓದುಗ ಎಂದು ಯಾರಾದರೂ ಹೇಳಿದ್ದರೆ ತನ್ನನ್ನು ಹಾಸ್ಯ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದ.

ದೇಸಾಯಿಯವರನ್ನು (1909–1982) ಈಗಿನವರಿಗೆ ಪರಿಚಯಿಸುವಾಗ ‘ಚುಟುಕ ಬ್ರಹ್ಮ’ ಎಂಬ ಬಿರುದಿನಿಂದ ಶುರುಮಾಡುತ್ತಾರೆ. ನನಗೆ ಆ ಬಿರುದು ಅಷ್ಟು ಹಿಡಿಸುವುದಿಲ್ಲ, ಅದು ಅವರ ಬರವಣಿಗೆಯನ್ನು ಒಂದು ವಿಶೇಷ ಪ್ರತಿಭೆಯ ಕಸರತ್ತು ಮಾಡಿಬಿಡುತ್ತದೆ. ಅಂಕೋಲೆಯ ಕಡೆಯವರು. ಮುಂಬಯಿಯಲ್ಲಿ ಓದಿ, ಭಾರತ ಸೇವಕ ಸಮಾಜ ಸೇರಿ, ಕರಾವಳಿಯ ಗೇಣಿದಾರ ರೈತರನ್ನು ಸಂಘಟಿಸಿ, ಅದಕ್ಕಾಗಿ ಜಿಲ್ಲೆಯಿಂದಲೇ ಗಡಿಪಾರಾದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಹೈಸ್ಕೂಲು ಎಂಬುದು ತಾಲೂಕಿನ ಪೇಟೆಯಲ್ಲಿ ಮಾತ್ರ ಇರುವ ವಸ್ತುವಾಗಿದ್ದ ಕಾಲದಲ್ಲಿ ಆ ಟ್ರಸ್ಟ್ ಹಳ್ಳಿಗಳಲ್ಲಿ ಶಾಲೆ ತೆರೆಯಿತು, ಘಟ್ಟದ ಮೇಲೆ ದಾಂಡೇಲಿಯವರೆಗೂ ಹೋಯಿತು, ಮುಂದೆ ಅಂಕೋಲೆಯಲ್ಲಿ ಗೋಖಲೆ ಸೆಂಟೆನರಿ ಕಾಲೇಜನ್ನೂ ನಡೆಸಿತು. 1967ರಲ್ಲಿ ಅವರು ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದರು.

ಶಾಲೆಗಳ ಆ ಕಾಲದಲ್ಲೇ ಅವರು ‘ಜನಸೇವಕ’ ಎಂಬ ವಾರಪತ್ರಿಕೆ ಶುರುಮಾಡಿದ್ದು. ಈ ಎರಡು ಕೆಲಸಗಳನ್ನು ಅವರ ಜೀವನಚರಿತ್ರೆಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಹೇಳುತ್ತವೆ, ಶಿಕ್ಷಣ ಒಂದು ಕಡೆ, ಸಾಹಿತ್ಯ ಒಂದು ಕಡೆ. ಒಂದೇ ಅಧ್ಯಾಯದಲ್ಲಿ ಓದಿದರೆ ಬೇರೆಯೇ ಕಾಣುತ್ತದೆ. ಓದುಗರನ್ನು ಬೆಳೆಸಿದರು ಎಂದು ನಾವು ಪತ್ರಿಕೆಗಳ ಬಗ್ಗೆ ಹೇಳುವಾಗ ಸಂಖ್ಯೆ ಹೆಚ್ಚಿಸಿದರು ಎಂಬ ಅರ್ಥದಲ್ಲಿ ಹೇಳುತ್ತೇವೆ. ದೇಸಾಯಿಯವರು ಮಕ್ಕಳನ್ನು ಬೆಳೆಸುವ ಅರ್ಥದಲ್ಲಿ ಬೆಳೆಸಿದರು. ಗೇಣಿದಾರನ ಮಗನಿಗೆ ಅಕ್ಷರ ಕಲಿಸುವುದು, ಅವನು ಮನೆಗೆ ಹೋಗಿ ಅಪ್ಪನಿಗೆ ಓದಿ ಹೇಳಬಹುದಾದ ನಾಲ್ಕು ಸಾಲು ಬರೆಯುವುದು, ಒಂದೇ ಕೆಲಸದ ಎರಡು ತುದಿ.

ಚುಟುಕದ ಆಕಾರವೂ ಅಲ್ಲಿಂದಲೇ ಬಂದದ್ದು ಎಂದು ನನ್ನ ಗುಮಾನಿ. ನಾಲ್ಕು ಸಾಲು, ಪ್ರಾಸ, ಕೊನೆಯಲ್ಲೊಂದು ಕೊಕ್ಕೆ. ಇದನ್ನು ಕಾಗದವಿಲ್ಲದೆ ಸಾಗಿಸಬಹುದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ಹೆಜ್ಜೆಹೆಜ್ಜೆಗೆ ಹೊಳೆ ಇರುವ ಜಿಲ್ಲೆ ನಮ್ಮದು. ಸೇತುವೆಗಳಿಲ್ಲದ ಕಾಲದಲ್ಲಿ ಪೇಪರು ತಾರಿಯಲ್ಲಿ ದಾಟಿ ಬರಬೇಕು. ಮಳೆಗಾಲದಲ್ಲಿ ಬಂದರೆ ಬಂತು. ಪತ್ರಿಕೆಯ ಪ್ರತಿ ಬರುವ ಮೊದಲೇ ಚುಟುಕ ಬಾಯಿಂದ ಬಾಯಿಗೆ ಬಂದಿರುತ್ತಿತ್ತು. ಅಜ್ಜ ಅಂಟಿಸಿಟ್ಟದ್ದರಲ್ಲಿ ಅರ್ಧಕ್ಕರ್ಧ ಕತ್ತರಿಸಿದ ತುಣುಕು, ಇನ್ನರ್ಧ ಅವನೇ ಪೆನ್ಸಿಲಿನಲ್ಲಿ ಬರೆದುಕೊಂಡದ್ದು. ಯಾರೋ ಹೇಳಿದ್ದನ್ನು ಕೇಳಿ ಬರೆದದ್ದು, ತಪ್ಪುಗಳ ಸಮೇತ. ಒಂದರಲ್ಲಿ ಮೂರನೆಯ ಸಾಲು ಮರೆತಿದೆ, ಅಲ್ಲಿ ಗೆರೆ ಎಳೆದಿದ್ದಾನೆ.

ವಿಮರ್ಶೆ ಈ ಚುಟುಕಗಳನ್ನು ಹೇಗೆ ನೋಡಿತು? ಹೆಚ್ಚಾಗಿ ಮೇಲಿನಿಂದ. ಲಘು ಸಾಹಿತ್ಯ, ಸಾಮಾಜಿಕ ವಿಡಂಬನೆ, ಮುಂದಿನ ಪುಟ. ನಿಜ ಹೇಳಬೇಕೆಂದರೆ, ದಪ್ಪ ಸಂಗ್ರಹವನ್ನು ಎದುರಿಗಿಟ್ಟುಕೊಂಡು ಒಂದೇ ಸಮನೆ ಐವತ್ತು ಓದಿದರೆ ನನಗೂ ಸಾಕಾಗುತ್ತದೆ. ಮಂತ್ರಿ, ಲಂಚ, ಡಾಂಭಿಕ ಪುರೋಹಿತ, ಮತ್ತೆ ಮಂತ್ರಿ. ಕೊಕ್ಕೆ ಎಲ್ಲಿ ಬೀಳುತ್ತದೆಂದು ಎರಡನೆಯ ಸಾಲಿಗೇ ತಿಳಿಯುತ್ತದೆ. ಉಪ್ಪಿನಕಾಯಿಯ ಭರಣಿ ಎದುರಿಗಿಟ್ಟುಕೊಂಡು ಊಟಕ್ಕೆ ಕೂತ ಹಾಗೆ. ಆದರೆ ಅದನ್ನು ಹಾಗೆ ತಿನ್ನಲೆಂದು ಯಾರೂ ಹಾಕಿಟ್ಟಿರಲಿಲ್ಲ. ವಾರಕ್ಕೊಮ್ಮೆ, ಆ ವಾರದ ಸುದ್ದಿಯ ಗಂಜಿಯ ಜೊತೆ ನೆಂಚಿಕೊಳ್ಳಲು ಬರೆದದ್ದು. ವಾರಕ್ಕೆಂದು ಬರೆದದ್ದನ್ನು ಅಳೆಯುವ ಕೋಲು ನಮ್ಮ ವಿಮರ್ಶೆಯಲ್ಲಿ ಇಲ್ಲ. ನಮ್ಮದು ಪುಸ್ತಕದ ಕೋಲು.

ಲಂಕೇಶರ ನೀಲುವಿಗೆ ಈ ಕಷ್ಟ ಆಗಲಿಲ್ಲ ಎಂದು ಯಾರಾದರೂ ಹೇಳಬಹುದು. 1980ರಲ್ಲಿ ಶುರುವಾದ, ಜಾಹೀರಾತೇ ತೆಗೆದುಕೊಳ್ಳದ ‘ಲಂಕೇಶ್ ಪತ್ರಿಕೆ’ಯಲ್ಲಿ ನೀಲು ಕೂಡ ಕೆಲವೇ ಸಾಲಿನ ವಾರದ ಕವಿತೆ. ಅವು ಪುಸ್ತಕವಾದಾಗಲೂ ಉಳಿದವು. ಕಾರಣ, ನೀಲು ತನ್ನೊಳಗೆ ಮಾತಾಡಿಕೊಳ್ಳುವವಳು, ಅವಳನ್ನು ಯಾವ ವಾರವಾದರೂ ಓದಬಹುದು. ದೇಸಾಯಿಯವರ ಚುಟುಕ ಎದುರಿಗೆ ಇರುವವನ ಜೊತೆ ಮಾತಾಡುತ್ತದೆ. ಎದುರಿನವನು ಎದ್ದುಹೋದ ಮೇಲೆ ಅದರ ಅರ್ಧ ಜೀವ ಹೋಗುತ್ತದೆ. ನೀಲು ಹೆಚ್ಚಿನ ಕಾವ್ಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನನ್ನ ಅಜ್ಜ ನೀಲುವನ್ನು ಅಂಟಿಸಿಕೊಳ್ಳುತ್ತಿರಲಿಲ್ಲ.

ಶಾಲೆಗಳನ್ನು ನಡೆಸುವವರ ಪತ್ರಿಕೆಗೆ ಚಂದಾದಾರರು ಸಿಗುವುದು ಯಾವ ದೊಡ್ಡ ಮಾತು ಎಂದೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಚಂದಾ ಹಣ ಹಾಗೆ ಬರಬಹುದು. ಆದರೆ ಒಲ್ಲದ ಮನಸ್ಸಿನಿಂದ ಚಂದಾ ಕೊಟ್ಟವನು ಸಾಲುಗಳನ್ನು ಬಾಯಿಪಾಠ ಮಾಡುವುದಿಲ್ಲ. ತಾನು ಸತ್ತ ಮೇಲೆ ತನ್ನ ಬೂದಿ ಎಲ್ಲೆಲ್ಲಿ ಬಿದ್ದು ಯಾರ್ಯಾರಿಗೆ ಉಪಯೋಗವಾಗಲಿ ಎಂದು ದೇಸಾಯಿಯವರು ಬರೆದ ಕವನವನ್ನು ನಮ್ಮ ಕಡೆ ಶವಸಂಸ್ಕಾರ ಮುಗಿಸಿ ಬಂದವರು ಹೇಳುವುದನ್ನು ಕೇಳಿದ್ದೇನೆ. ಅವರ ಗಡಿಯಾರದ ಪದ್ಯವನ್ನಂತೂ ರಾಜ್ಯದ ಉದ್ದಗಲಕ್ಕೂ ಮಕ್ಕಳು ಬರೆದವರ ಹೆಸರು ತಿಳಿಯದೆ ಹಾಡಿಕೊಂಡಿದ್ದಾರೆ.

ಹೊಳೆಯ ಆಚೆ ದಡದಲ್ಲಿ ಇನ್ನೊಬ್ಬರಿದ್ದರು, ನಮ್ಮೂರ ಹೆಸರು ಹೊತ್ತವರು. ಗೌರೀಶ ಕಾಯ್ಕಿಣಿ (1912–2002). ಗೋಕರ್ಣದ ಭದ್ರಕಾಳಿ ಹೈಸ್ಕೂಲಿನಲ್ಲಿ ಮಾಸ್ತರರು. ಮನೆಮಾತು ಕೊಂಕಣಿ. ಕನ್ನಡ, ಕೊಂಕಣಿ, ಮರಾಠಿ ಮೂರರಲ್ಲೂ ಬರೆದವರು, ಎಂ.ಎನ್. ರಾಯ್ ಅವರ ಮಾನವತಾವಾದಕ್ಕೆ ಒಲಿದವರು. ತೀರ್ಥಕ್ಷೇತ್ರದಲ್ಲಿ ಕೂತ ವಿಚಾರವಾದಿ. ಬದುಕಿನ ಬಹುಭಾಗ ಊರು ಬಿಡದೆ, ಪತ್ರಿಕೆಗಳಿಗೆ ವಾರವಾರವೂ ಅಂಕಣ ಬರೆದರು. ಅವರ ತಂತ್ರ, ಅದನ್ನು ತಂತ್ರ ಎನ್ನಬಹುದಾದರೆ, ದೇಸಾಯಿಯವರದಕ್ಕೆ ಪೂರ್ತಿ ಉಲ್ಟಾ. ದೇಸಾಯಿಯವರು ಓದುಗನ ಅಂಗಳಕ್ಕೆ ಇಳಿದು ಬಂದರು. ಗೌರೀಶರು ತಮ್ಮ ಜಗಲಿಗೆ ಅವನನ್ನು ಹತ್ತಿಸಿಕೊಂಡರು. ಯುರೋಪಿನ ಒಬ್ಬ ದಾರ್ಶನಿಕ, ಮರಾಠಿಯ ಒಂದು ನಾಟಕ, ಒಂದು ಸಂಸ್ಕೃತ ಶ್ಲೇಷೆ, ನಡುವೆ ಗೋಕರ್ಣದ ರಥಬೀದಿ, ಎಲ್ಲ ಒಂದೇ ಅಂಕಣದಲ್ಲಿ. ಇದು ಕುಮಟೆಯ ಗುಮಾಸ್ತನಿಗೆ ಅರ್ಥವಾಗುತ್ತದೆಯೇ ಎಂಬ ಚಿಂತೆ ಅವರ ಬರವಣಿಗೆಯಲ್ಲಿ ಎಲ್ಲೂ ಕಾಣುವುದಿಲ್ಲ. ಆಗುತ್ತದೆ ಎಂದು ನಂಬಿಯೇ ಬರೆದಿದ್ದಾರೆ. ಹೈಸ್ಕೂಲಿನಲ್ಲಿ ಹಿಂದಿನ ಬೆಂಚಿನ ಹುಡುಗನನ್ನೂ ಉದ್ದೇಶಿಸಿ ಪಾಠ ಮಾಡಿದವರಿಗೆ ಈ ನಂಬಿಕೆ ಬರುತ್ತದೇನೋ.

ಅದರಲ್ಲಿ ದೋಷವಿಲ್ಲವೆಂದಲ್ಲ. ಗೌರೀಶರ ಗದ್ಯ ಕೆಲವು ಕಡೆ ಸಾಮಾನು ತುಂಬಿದ ಕೋಣೆಯಂತಿದೆ, ಕಾಲಿಡಲು ಜಾಗವಿರುವುದಿಲ್ಲ. ಶ್ಲೇಷೆ ಸಿಕ್ಕರೆ ವಾಕ್ಯದ ದಾರಿಯನ್ನೇ ತಪ್ಪಿಸಿ ಅದರ ಹಿಂದೆ ಹೋಗುತ್ತಾರೆ. ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ತಾಳ್ಮೆಯಿಂದ ಕೂತು ಕಟ್ಟಬೇಕಾದ ಒಂದು ದೊಡ್ಡ ವಿಮರ್ಶಾ ಗ್ರಂಥದ ವಾದವನ್ನು ಅವರು ನೂರು ವಾರಗಳಿಗೆ ಚಿಲ್ಲರೆ ಮಾಡಿ ಹಂಚಿಬಿಟ್ಟರು ಎನಿಸುತ್ತದೆ. ಹಾಗಾಗಿ ಕನ್ನಡ ವಿಮರ್ಶೆಯ ಚರಿತ್ರೆಯಲ್ಲಿ ಅವರ ಹೆಸರು ಗೌರವದಿಂದ ಬರುತ್ತದೆ, ಅವರ ವಾದ ಬರುವುದಿಲ್ಲ. ವಾರದ ಓದುಗನನ್ನು ಸಂಪಾದಿಸಿದ್ದಕ್ಕೆ ತೆತ್ತ ಬೆಲೆ ಇದು. ಆದರೆ ಈ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಯುರೋಪಿನ ದೊಡ್ಡ ಹೆಸರುಗಳು ಮೊದಲು ಬಂದದ್ದು ಆ ಅಂಕಣಗಳ ಮೂಲಕ.

ಇಬ್ಬರಲ್ಲೂ ಸಮಾನವಾದದ್ದು ಒಂದಿದೆ. ಓದುಗ ಅವರಿಗೆ ಸಿಗುತ್ತಿದ್ದ. ದೇಸಾಯಿಯವರಿಗೆ ಸಭೆಯಲ್ಲಿ, ಶಾಲೆಯ ಕಟ್ಟೆಯಲ್ಲಿ. ಗೌರೀಶರಿಗೆ ತರಗತಿಯಲ್ಲಿ, ಬೀದಿಯಲ್ಲಿ. ಈ ವಾರ ನೀವು ಬರೆದದ್ದು ಸರಿಯಲ್ಲ ಎಂದು ಮುಖಕ್ಕೆ ಹೇಳಬಲ್ಲ ಓದುಗ. ಅವನು ಮಾರುಕಟ್ಟೆಯಲ್ಲಿ ಮೀನು ಆರಿಸುವಾಗ ಹಿಂದಿನಿಂದ ಬಂದು ಹೆಗಲು ತಟ್ಟುತ್ತಾನೆ. ಅವನಿಗೆ ಬರೆಯುವ ಹಂಬಲವಿಲ್ಲ, ಮುಯ್ಯಿಯ ಹಂಗಿಲ್ಲ. ನನ್ನ ಬ್ಲಾಗಿನ ಮುನ್ನೂರು ಜನರಲ್ಲಿ ಒಬ್ಬರೂ ಎರಡು ವರ್ಷದಲ್ಲಿ ಒಮ್ಮೆಯೂ ನನ್ನ ಜೊತೆ ಜಗಳವಾಡಲಿಲ್ಲ ಎಂಬುದು ಆಗ ನನಗೆ ಹೆಮ್ಮೆಯ ಸಂಗತಿಯಾಗಿತ್ತು!

ಗೌರೀಶರ ಮಗ ಜಯಂತರ ದಾರಿ ಇನ್ನೊಂದು ಬಗೆಯದು. 1974ರಲ್ಲಿ ಬಂದ ಮೊದಲ ಕವನ ಸಂಕಲನಕ್ಕೇ ಅಕಾಡೆಮಿ ಪ್ರಶಸ್ತಿ, ಆಮೇಲೆ ಮುಂಬಯಿಯ ಔಷಧ ಕಾರ್ಖಾನೆಯ ಕೆಲಸ, ಕತೆಗಳು. ಸಾಹಿತ್ಯದ ಓದುಗರು ಅವರಿಗೆ ಮೊದಲೇ ಇದ್ದರು. ಆದರೆ ‘ಬೊಗಸೆಯಲ್ಲಿ ಮಳೆ’ ಅಂಕಣ ಬಂದದ್ದು ‘ಹಾಯ್ ಬೆಂಗಳೂರ್’ನಲ್ಲಿ. ರವಿ ಬೆಳಗೆರೆಯವರ ಕಪ್ಪುಬಿಳುಪು ವಾರಪತ್ರಿಕೆ, ಕೊಲೆ, ರೌಡಿಸಂ, ರಾಜಕೀಯದ ಒಳಸುದ್ದಿ. ಆ ಪುಟಗಳ ನಡುವೆ ಸರ್ಕಸ್ಸಿನ ಡೇರೆ, ಲೋಕಲ್ ರೈಲು, ಮಳೆಗೆ ನೆನೆದ ಪಾಟೀಚೀಲ. ಭೂಗತ ಲೋಕದ ಸುದ್ದಿಗೆಂದು ದುಡ್ಡು ಕೊಟ್ಟವನು ಬಸ್ಸು ಹೊರಡುವುದು ತಡವಾಯಿತೆಂದು ಆ ಪುಟವನ್ನೂ ಓದಿದ, ಮುಂದಿನ ವಾರ ಅದನ್ನೇ ಮೊದಲು ತೆಗೆದ. ನನ್ನ ಗೆಳೆಯನೊಬ್ಬ, ಭಟ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಇವತ್ತಿಗೂ ಬೇರೆ ಯಾವ ಕನ್ನಡ ಲೇಖಕರನ್ನೂ ಓದಿಲ್ಲ. ಆ ಅಂಕಣಗಳಲ್ಲಿ ನಾಲ್ಕೈದನ್ನು ಕತೆಯ ಹಾಗೆ ಹೇಳುತ್ತಾನೆ. ಸಾಹಿತ್ಯ ಪತ್ರಿಕೆಯಲ್ಲಿ ಬಂದಿದ್ದರೆ ಅವನಿಗೆ ಸಿಗುತ್ತಿರಲಿಲ್ಲ. ಒಳ್ಳೆಯ ನೆರೆಹೊರೆಯಲ್ಲಿ ಪ್ರಕಟವಾಗಬೇಕೆಂದು ನಾವು ಲೇಖಕರು ಹಪಹಪಿಸುತ್ತೇವೆ. ಜಯಂತರು ಬೇರೆ ಓಣಿಯಲ್ಲಿ ಮನೆ ಹಿಡಿದರು.

ಇದಕ್ಕೆದುರಾಗಿ ಅದೇ ಅಂಕೋಲೆಯ ಇನ್ನೊಬ್ಬರು, ವಿವೇಕ ಶಾನಭಾಗರು, 2005ರಿಂದ ಏಳು ವರ್ಷ ನಡೆಸಿದ ‘ದೇಶ ಕಾಲ’ ಇದೆ. ಅದು ಕಡಿಮೆ ಜನರಿಗೆ, ಆದರೆ ಗಂಭೀರವಾಗಿ ಓದುವವರಿಗೆ ಎಂದು ತಿಳಿದೇ ಮಾಡಿದ ತ್ರೈಮಾಸಿಕ. ತನಗೆ ಎಂಥ ಓದುಗ ಬೇಕೆಂಬುದು ಅದಕ್ಕೆ ಮೊದಲ ಸಂಚಿಕೆಯಿಂದ ಗೊತ್ತಿತ್ತು, ಮತ್ತು ನಿಲ್ಲಿಸುವುದು ಯಾವಾಗ ಎಂಬುದೂ ಗೊತ್ತಿತ್ತು. ನಾನು ಅದರ ಸಂಚಿಕೆಗಳನ್ನು ಇಟ್ಟುಕೊಂಡಿದ್ದೇನೆ. ನನ್ನ ಬ್ಲಾಗಿನ ಬರಹಗಳನ್ನು ಇಟ್ಟುಕೊಂಡಿಲ್ಲ. ಪಾಸ್‌ವರ್ಡ್ ಮರೆತುಹೋಗಿದೆ, ಕೊಟ್ಟ ಮಿಂಚಂಚೆ ವಿಳಾಸವೂ ಈಗಿಲ್ಲ. ಹಳೆಯ ‘ಜನಸೇವಕ’ ಕಡಲೆಯ ಪೊಟ್ಟಣವಾಗಿ ಹೋಗಿರಬಹುದು, ಆದರೂ ಯಾರದೋ ಲೆಕ್ಕದ ಪುಸ್ತಕದಲ್ಲಿ ಒಂದು ತುಣುಕು ಉಳಿಯುತ್ತದೆ. ಅಂಬಾರಕೊಡ್ಲದಲ್ಲಿ ಕೂತು ವಿಷ್ಣು ನಾಯ್ಕರು ರಾಘವೇಂದ್ರ ಪ್ರಕಾಶನದಿಂದ ಈ ಜಿಲ್ಲೆಯವರ ಬರವಣಿಗೆಯನ್ನು ಪುಸ್ತಕ ಮಾಡುತ್ತ ಬಂದದ್ದರ ಬೆಲೆ ನನಗೆ ತಿಳಿದದ್ದು, ನನ್ನ ಬರಹಗಳು ಹೋದ ಮೇಲೆ. ಆ ಬ್ಲಾಗು ಯುಗದ ಒಳ್ಳೆಯ ಗದ್ಯದಲ್ಲಿ ಎಷ್ಟು ಹೀಗೆ ಕೀಲಿ ಕಳೆದ ಮನೆಗಳೊಳಗೆ ಇದೆಯೋ. ಅದರ ಬಗ್ಗೆ ಕನ್ನಡ ವಿಮರ್ಶೆ ಇನ್ನೂ ಬಾಯಿ ತೆರೆದಿಲ್ಲ, ತೆರೆಯುವ ಹೊತ್ತಿಗೆ ಓದಲು ಏನಿರುತ್ತದೆ ಎಂಬುದು ನನ್ನ ಆತಂಕ.

ಹುಡುಗಿಗೆ ಇದನ್ನೆಲ್ಲ ಹೇಳಿದೆ. ಇಷ್ಟು ಉದ್ದಕ್ಕೆ ಅಲ್ಲ. ಅವಳು ಸಹನೆಯಿಂದ ಕೇಳಿ, ‘ಹಾಗಾದರೆ ನಾನೊಂದು ಹೈಸ್ಕೂಲು ತೆಗೆಯಬೇಕಾ ಮಾವ?’ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬರೆದದ್ದು ಏನಾದರೂ ಇದ್ದರೆ ತೋರಿಸು ಎಂದೆ. ಮೊಬೈಲು ಕೊಟ್ಟಳು. ವೆಂಕಟಾಪುರ ಹೊಳೆಯಲ್ಲಿ ಬಳಚು ಹೆಕ್ಕುವ ಹೆಂಗಸರ ಬಗ್ಗೆ ಒಂದೂವರೆ ಪುಟ. ಅವಳ ಅಜ್ಜಿ, ಅಂದರೆ ನನ್ನ ಅಮ್ಮ, ಪ್ರಾಯದಲ್ಲಿ ಆ ಕೆಲಸಕ್ಕೆ ಹೋಗುತ್ತಿದ್ದಳು. ಚೆಂದವಾಗಿತ್ತು. ಬೆಳದಿಂಗಳು, ತುಂಬಿದ ಹೊಳೆ, ಸೊಂಟದವರೆಗಿನ ನೀರಿನಲ್ಲಿ ನಿಂತು ಹಾಡುತ್ತ ಬಳಚು ಹೆಕ್ಕುವ ಹೆಂಗಸರು. ನನ್ನ 2008ರ ಬ್ಲಾಗಿನಲ್ಲಿ ಹಾಕಿದ್ದರೆ ನಲವತ್ತು ಜನ ‘ಆಪ್ತ ಬರಹ’ ಎನ್ನುತ್ತಿದ್ದರು.

ಅಜ್ಜಿಗೆ ಓದಿ ಹೇಳಿದೆಯಾ ಎಂದು ಕೇಳಿದೆ. ಅವಳಿಗೆ ಅದು ಹೊಳೆದಿರಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ತೆಂಗಿನಗರಿಯ ಕಡ್ಡಿ ಸೋಯುತ್ತಿದ್ದಳು. ಹುಡುಗಿ ಎದುರಿಗೆ ಕೂತು ಓದಿದಳು. ಎರಡನೆಯ ವಾಕ್ಯಕ್ಕೇ ಅಮ್ಮನ ಕತ್ತಿ ನಿಂತಿತು.

‘ತುಂಬಿದ ಹೊಳೆಯಲ್ಲಿ ಬಳಚು ಯಾರು ಹೆಕ್ಕುತ್ತಾರೆ? ನೀರು ಇಳಿದ ಮೇಲೆ ಹೋಗುವುದು. ಇಳಿಯುವ ಹೊತ್ತು ದಿನಾ ಬೇರೆ. ಒಂದೊಂದು ದಿನ ಬೆಳಿಗ್ಗೆ ಗಂಜಿಯೂ ಉಣ್ಣದೆ ಓಡಬೇಕು. ಹಾಡುವುದೆಲ್ಲಿ ಬಂತು, ಕಾಲಿಗೆ ಚಿಪ್ಪು ಕೊಯ್ದು ನೆತ್ತರು ಬರುತ್ತಿತ್ತು. ನಿನ್ನ ಅಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಹೋದದ್ದೂ ಇದೆ.’

ಹುಡುಗಿ ಅಳಿಸಿದಳು. ಆ ಸಂಜೆ ಬ್ಲಾಗಿಗೆ ಏನೂ ಹಾಕಲಿಲ್ಲ. ಮರುದಿನ ನಾನು ಬೆಂಗಳೂರಿಗೆ ಹೊರಟೆ.

ಈಗ ಎರಡು ತಿಂಗಳಾಯಿತು. ಎರಡನೆಯ ಕರಡು ಇನ್ನೂ ಮುಗಿದಿಲ್ಲ ಎನ್ನುತ್ತಾಳೆ. ಕಳೆದ ವಾರ ಫೋನು ಮಾಡಿದಾಗ ಅಮ್ಮ, ಅವಳು ಆ ಹೊಳೆಯದ್ದು ಬರೆದು ಮುಗಿಸಿದಳಾ, ಓದಿ ಹೇಳಲೇ ಇಲ್ಲವಲ್ಲ ಎಂದು ಕೇಳಿದಳು. ಹಿಂದಿನ ವಾರವೂ ಕೇಳಿದ್ದಳು.